ಕಬ್ಬಿಣ ಹುಡುಕಬೇಡಿ, ಗಡಿಯಾರ ನೋಡಿ

ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣ. ಸಂಜೆ ಐದೂವರೆಯ ಹೊತ್ತು. ಕಾಲೇಜು ಬಿಟ್ಟ ಹುಡುಗರು, ಸಂತೆ ಮುಗಿಸಿ ಚೀಲ ಹೊತ್ತವರು, ಕಡಲೆಕಾಯಿ ಮಾರುವವನ ಕೂಗು, ಹೊರಡಲು ನಿಂತ ಬಸ್ಸಿನ ಗುರುಗುರು. ಕಂಬಕ್ಕೆ ಒರಗಿ ನಿಂತಿದ್ದ ಇಪ್ಪತ್ತರ ಆಸುಪಾಸಿನ ಹುಡುಗ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕೂಗಿ ದೊಪ್ಪನೆ ನೆಲಕ್ಕೆ ಬೀಳುತ್ತಾನೆ. ಮೈ ಸೆಟೆದುಕೊಳ್ಳುತ್ತದೆ. ಮರುಗಳಿಗೆ ಕೈಕಾಲು ಜಗ್ಗತೊಡಗುತ್ತವೆ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದೆ. ತುಟಿ ನೀಲಿಯಾಗಿದೆ. ಬಾಯಿಂದ ನೊರೆ, ನೊರೆಯಲ್ಲಿ ರಕ್ತದ ಒಂದು ಎಳೆ.

ಗುಂಪು ಸೇರಲು ಎಷ್ಟು ಹೊತ್ತು? “ಫಿಟ್ಸು, ಫಿಟ್ಸು! ಕಬ್ಬಿಣ ಏನಾದ್ರೂ ಕೊಡ್ರಪ್ಪಾ, ಬೇಗ!” ಒಬ್ಬರು ಬೀಗದ ಕೈ ಗೊಂಚಲನ್ನು ಹುಡುಗನ ಮುಷ್ಟಿಗೆ ತುರುಕುತ್ತಾರೆ. ಇಬ್ಬರು ಭುಜ ಒತ್ತಿ ಹಿಡಿಯುತ್ತಾರೆ, ಮತ್ತೊಬ್ಬರು ಕಾಲಿನ ಮೇಲೆ ಕೂರುತ್ತಾರೆ. ಪಕ್ಕದ ಹೋಟೆಲಿನಿಂದ ಬಂದ ಚಮಚ ಹಲ್ಲಿನ ನಡುವೆ ಹೋಗುತ್ತದೆ. ಯಾರೋ ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯುತ್ತಾರೆ, ಇನ್ಯಾರೋ ಬಾಟಲಿ ನೀರನ್ನು ಮುಖಕ್ಕೆ ಸುರಿಯುತ್ತಾರೆ. ಎರಡು ನಿಮಿಷಕ್ಕೆ ಎಲ್ಲ ನಿಲ್ಲುತ್ತದೆ. “ನೋಡಿದ್ರಾ, ಕೀ ಹಿಡಿಸಿದ ಮೇಲೆ ನಿಂತ್ತು.”

ಹುಡುಗ ಕಣ್ಣು ಬಿಟ್ಟಾಗ ಮುಂದಿನ ಹಲ್ಲೊಂದು ಮುರಿದಿರುತ್ತದೆ. ಭುಜ ಎತ್ತಲಾಗುವುದಿಲ್ಲ. ಮೈಯೆಲ್ಲ ಒದ್ದೆ. ಸುತ್ತ ನಿಂತವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಕೈಲಾದ ಸಹಾಯ ಮಾಡಲೆಂದೇ ಓಡಿಬಂದಿದ್ದರು. ಆದರೆ ಅವನ ಮೈಮೇಲಿನ ಗಾಯಗಳಲ್ಲಿ ಬಹುಪಾಲು ಕಾಯಿಲೆ ಮಾಡಿದ್ದಲ್ಲ, ಆ ಸಹಾಯ ಮಾಡಿದ್ದು.

ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಇಷ್ಟೇ: ಮೂರ್ಛೆಯ ಸೆಳೆತ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಅದನ್ನು ನಿಲ್ಲಿಸುವ ಹೊಣೆ ನಿಮ್ಮದಲ್ಲ. ಅದು ನಿಲ್ಲುವವರೆಗೆ ಬಿದ್ದವರಿಗೆ ಪೆಟ್ಟಾಗದಂತೆ, ಉಸಿರು ಕಟ್ಟದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮದು.

ಸಾವಿರಕ್ಕೆ ಹತ್ತರ ಸುಮಾರು

ಮೂರ್ಛೆ ರೋಗ, ಅಪಸ್ಮಾರ, ಫಿಟ್ಸ್, ಸೆಳೆತ. ಹೆಸರು ಹಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಇರಬಹುದೆಂಬ ಲೆಕ್ಕವಿದೆ. ನಮಗೆ ಹತ್ತಿರದ ಲೆಕ್ಕವನ್ನು ಕೊಟ್ಟಿರುವುದು ನಿಮ್ಹಾನ್ಸ್. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಮನೆಗೆ ಹೋಗಿ ವಿಚಾರಿಸಿದ ಅದರ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಯಲ್ಲಿ ಮೂರ್ಛೆ ರೋಗ ಕಂಡುಬಂತು. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಅಂದರೆ ಹಳ್ಳಿಯಲ್ಲಿ ನಗರದ ಎರಡರಷ್ಟು.

ಎರಡು ಸಾವಿರ ಜನರಿರುವ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇರಬೇಕಾದ ಲೆಕ್ಕ ಇದು. ಆದರೂ ಊರಿನವರನ್ನು ಕೇಳಿದರೆ ಒಬ್ಬಿಬ್ಬರ ಹೆಸರು ಹೇಳುತ್ತಾರೆ. ಉಳಿದವರು ಎಲ್ಲಿ? ಮನೆಯೊಳಗಿದ್ದಾರೆ. ಅವರಲ್ಲಿ ಎಷ್ಟೋ ಜನ ಔಷಧಿಯಿಲ್ಲದೆ ಇದ್ದಾರೆ. ಆ ವಿಷಯಕ್ಕೆ ಮುಂದೆ ಬರೋಣ.

ಮಿದುಳಿನೊಳಗೆ ಆಗುವುದೇನು?

ನಮ್ಮ ಮಿದುಳಿನ ಕೋಟ್ಯಂತರ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ಮಾತಾಡುತ್ತವೆ. ಸಂತೆಯಲ್ಲಿ ಸಾವಿರ ಜನ ಸೇರಿದ್ದರೂ ಅವರವರ ವ್ಯಾಪಾರ ಅವರವರದು, ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ, ಕೆಲಸ ನಡೆಯುತ್ತದೆ. ಅಷ್ಟೂ ಜನ ಒಂದೇ ಸಲ ಒಂದೇ ಕೂಗು ಹಾಕತೊಡಗಿದರೆ? ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಸೆಳೆತದ ಹೊತ್ತಿನಲ್ಲಿ ಮಿದುಳಿನಲ್ಲಿ ನಡೆಯುವುದು ಇದೇ. ಅಪಾರ ಸಂಖ್ಯೆಯ ನರಕೋಶಗಳು ಒಟ್ಟಿಗೆ, ಮಿತಿಮೀರಿ ಸಂಕೇತ ಹೊರಡಿಸುತ್ತವೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದ ಮೇಲೆ ಈ ಗದ್ದಲವನ್ನು ಕಾಗದದ ಮೇಲೆ ಗೆರೆಗಳಾಗಿ ನೋಡಲು ಸಾಧ್ಯವಾಯಿತು. ಇಂದಿನ ಇಇಜಿ ಪರೀಕ್ಷೆ ಅದೇ.

ಗದ್ದಲ ಇಡೀ ಮಿದುಳಿಗೆ ಹಬ್ಬಿದರೆ ಮೈಯೆಲ್ಲ ಸೆಟೆದು ಜಗ್ಗುತ್ತದೆ, ಎಚ್ಚರ ತಪ್ಪುತ್ತದೆ. ಬೀಳುವ ಮುಂಚೆ ಬರುವ ಕೂಗು ನೋವಿನದಲ್ಲ. ಎದೆಯ ಸ್ನಾಯುಗಳು ಒಮ್ಮೆಲೇ ಬಿಗಿದಾಗ ಶ್ವಾಸಕೋಶದ ಗಾಳಿ ಗಂಟಲಿನ ಮೂಲಕ ನುಗ್ಗಿ ಹೊರಬರುವ ಸದ್ದು. ತುಟಿ ನೀಲಿಯಾಗುವುದೂ ಅದೇ ಬಿಗಿತದಿಂದ, ಉಸಿರಾಟ ಕೆಲ ಕ್ಷಣ ತಡೆದು ನಿಲ್ಲುವುದರಿಂದ. ಬಾಯಿಯ ನೊರೆ ಅಂದರೆ ನುಂಗಲಾಗದೆ ಉಳಿದ ಜೊಲ್ಲು ಅಷ್ಟೇ. ನಾಲಿಗೆಯ ಅಂಚೋ ಕೆನ್ನೆಯ ಒಳಭಾಗವೋ ಕಚ್ಚಿಕೊಂಡರೆ ಅದಕ್ಕೆ ರಕ್ತ ಸೇರುತ್ತದೆ.

ಎಲ್ಲ ಮೂರ್ಛೆಯೂ ಹೀಗೆ ಆರ್ಭಟಿಸಿಕೊಂಡು ಬರುವುದಿಲ್ಲ. ಗದ್ದಲ ಮಿದುಳಿನ ಒಂದು ಮೂಲೆಯಲ್ಲೇ ಉಳಿದರೆ ಒಂದು ಕೈ ಮಾತ್ರ ಅದುರಬಹುದು. ಕೆಲವರು ಎದ್ದು ನಿಂತೇ ಇರುತ್ತಾರೆ, ಕಣ್ಣು ಬಿಟ್ಟಿರುತ್ತದೆ. ಆದರೆ ಕರೆದರೆ ಉತ್ತರವಿಲ್ಲ. ಬಾಯಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ಹಿಡಿದು ತಿರುಚುತ್ತಾರೆ, ಗೊತ್ತುಗುರಿಯಿಲ್ಲದೆ ನಡೆಯುತ್ತಾರೆ. ಇವರನ್ನು ಕುಡಿದವರೆಂದು ಬೈದು ಹೊಡೆದದ್ದೂ ಉಂಟು.

ಮಕ್ಕಳಲ್ಲಿ ಇನ್ನೊಂದು ಬಗೆಯಿದೆ. ಮಗು ಬರೆಯುತ್ತ ಬರೆಯುತ್ತ ಹತ್ತು ಸೆಕೆಂಡು ಶೂನ್ಯ ದಿಟ್ಟಿಸುತ್ತದೆ, ರೆಪ್ಪೆ ಸ್ವಲ್ಪ ಪಟಪಟಿಸುತ್ತದೆ, ಮತ್ತೆ ಬರೆಯತೊಡಗುತ್ತದೆ. ಉಕ್ತಲೇಖನದ ನೋಟ್‌ಬುಕ್ಕಿನಲ್ಲಿ ನಡುನಡುವೆ ಒಂದೊಂದು ಪದ ಕಾಣೆ. ಇದು ದಿನಕ್ಕೆ ಹತ್ತಾರು ಸಲ ಆಗಬಹುದು. “ಗಮನವಿಲ್ಲ, ಹಗಲುಗನಸು” ಎಂದು ಶಾಲೆಯಲ್ಲಿ ಕಿವಿ ಹಿಂಡಿಸಿಕೊಳ್ಳುವ ಈ ಮಕ್ಕಳ ಬಗ್ಗೆ ನನಗೆ ಬಹಳ ಸಂಕಟವಾಗುತ್ತದೆ. ಒಬ್ಬ ಮೇಷ್ಟ್ರು ಆ ನೋಟ್‌ಬುಕ್ಕನ್ನು ಎಚ್ಚರದಿಂದ ನೋಡಿದರೂ ಮಗುವಿನ ಕಾಯಿಲೆ ಪತ್ತೆಯಾದೀತು.

ಒಂದು ಸಲ ಸೆಳೆತ ಬಂದ ಮಾತ್ರಕ್ಕೆ ಮೂರ್ಛೆ ರೋಗ ಎನ್ನುವಂತಿಲ್ಲ. ಜ್ವರ ನೆತ್ತಿಗೇರಿದಾಗ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಸೆಳೆತ ಬರುವುದುಂಟು. ಅದು ಬಹುತೇಕ ವಯಸ್ಸಿನೊಂದಿಗೆ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ, ಕುಡಿತವನ್ನು ಒಮ್ಮೆಲೇ ಬಿಟ್ಟಾಗಲೂ ಬರಬಹುದು. ಇಂಥ ತಾತ್ಕಾಲಿಕ ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದರೆ ವೈದ್ಯರು ಸಾಮಾನ್ಯವಾಗಿ ಮೂರ್ಛೆ ರೋಗ ಎನ್ನುತ್ತಾರೆ. ಒಂದೇ ಸಲ ಬಂದಿದ್ದರೂ, ಪರೀಕ್ಷೆಗಳು ಮತ್ತೆ ಬರುವ ಸಾಧ್ಯತೆಯನ್ನು ಜೋರಾಗಿ ತೋರಿಸಿದರೆ ಚಿಕಿತ್ಸೆ ಶುರು ಮಾಡುವುದುಂಟು.

ಕೀ ಹಿಡಿಸಿದರೆ ನಿಲ್ಲುವುದು ನಿಜವೇ?

ನಿಲ್ಲುವುದೇನೋ ನಿಜ. ಆದರೆ ಕೀ ಹಿಡಿಸಿದ್ದರಿಂದ ಅಲ್ಲ. ಮೈಯೆಲ್ಲ ಜಗ್ಗುವ ಸೆಳೆತ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷ ಇರುತ್ತದೆ. ಒಬ್ಬರು ಬಿದ್ದದ್ದನ್ನು ನೋಡಿ, ಓಡಿಬಂದು, ಕಬ್ಬಿಣಕ್ಕಾಗಿ ಕೂಗಿ, ಅದು ಸಿಕ್ಕಿ, ಬಿಗಿದ ಮುಷ್ಟಿ ಬಿಡಿಸಿ ಹಿಡಿಸುವಷ್ಟರಲ್ಲಿ ಒಂದೂವರೆ ನಿಮಿಷವಾದರೂ ಕಳೆದಿರುತ್ತದೆ. ಮಿದುಳಿನ ಗದ್ದಲ ತಣಿಯುವ ಹೊತ್ತಿಗೆ ಸರಿಯಾಗಿ ಕಬ್ಬಿಣ ಕೈ ಸೇರುತ್ತದೆ. ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಈರುಳ್ಳಿ ಮೂಸಿಸಿದರೂ ಅಷ್ಟೇ, ಚಪ್ಪಲಿ ಹಿಡಿದರೂ ಅಷ್ಟೇ. ಅಜ್ಜನ ಕಾಲದಿಂದ ಕಣ್ಣಾರೆ ಕಂಡ “ಸಾಕ್ಷಿ” ಇದಾದ್ದರಿಂದಲೇ ಓದಿದವರಲ್ಲೂ ಈ ನಂಬಿಕೆ ಹೋಗಿಲ್ಲ.

ಕೀಯಿಂದ ಹಾನಿಯೇನು ಎಂದು ಕೇಳಬಹುದು. ಜಗ್ಗುವ ಕೈಯಲ್ಲಿ ಚೂಪಾದ ಲೋಹವಿದ್ದರೆ ಅದು ಅವರ ಮುಖಕ್ಕೇ ಬಡಿಯುತ್ತದೆ. ಅದಕ್ಕಿಂತ ದೊಡ್ಡ ಹಾನಿ ಬೇರೆ. ಕೀ ಹುಡುಕುವುದರಲ್ಲಿ ಎಲ್ಲರ ಗಮನ ಹೋದಾಗ, ಅಂಗಾತ ಬಿದ್ದವರ ಗಂಟಲಿಗೆ ಇಳಿಯುತ್ತಿರುವ ಜೊಲ್ಲನ್ನು ಯಾರೂ ನೋಡುವುದಿಲ್ಲ.

“ನಾಲಿಗೆ ನುಂಗಿಬಿಡ್ತಾರೆ” ಎಂಬ ಭಯವೂ ಆಧಾರವಿಲ್ಲದ್ದು. ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡೇ ಇದೆ, ಅದನ್ನು ನುಂಗಲು ಬರುವುದಿಲ್ಲ. ಕಚ್ಚಿಕೊಳ್ಳುವುದು ನಿಜ. ಆದರೆ ಅದು ದವಡೆ ಬಿಗಿಯುವ ಮೊದಲ ಕ್ಷಣದಲ್ಲೇ ಆಗಿಹೋಗುತ್ತದೆ, ನಿಮ್ಮ ಚಮಚ ಬರುವ ಮುಂಚೆ. ಕಚ್ಚಿದ ನಾಲಿಗೆ ಕೆಲವೇ ದಿನಗಳಲ್ಲಿ ಮಾಯುತ್ತದೆ, ಚಮಚಕ್ಕೆ ಮುರಿದ ಹಲ್ಲು ಮತ್ತೆ ಬರುವುದಿಲ್ಲ. ಮುರಿದ ಚೂರು ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬೆರಳು ಹಾಕಿದವರ ಬೆರಳೂ ಉಳಿಯುವುದು ಕಷ್ಟ.

ಆ ಎರಡು ನಿಮಿಷ

ನಿಮ್ಮೆದುರು ಯಾರಾದರೂ ಹೀಗೆ ಬಿದ್ದರೆ ಮೊದಲು ಗಡಿಯಾರ ನೋಡಿ. ವಾಚು, ಫೋನು, ಗೋಡೆ ಗಡಿಯಾರ, ಯಾವುದಾದರೂ ಸರಿ. ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ. ಮುಂದಿನ ತೀರ್ಮಾನವೆಲ್ಲ ಸಮಯದ ಮೇಲೆ ನಿಂತಿರುವುದರಿಂದ ಅಂದಾಜು ಸಾಲದು.

ಅವರು ಬಿದ್ದಲ್ಲೇ ಇರಲಿ. ಎತ್ತಿ ಬೇರೆಡೆ ಒಯ್ಯಬೇಡಿ. ರಸ್ತೆ, ಒಲೆ, ಮೆಟ್ಟಿಲು, ನೀರು ಇಂಥ ಅಪಾಯ ಪಕ್ಕದಲ್ಲೇ ಇದ್ದರೆ ಮಾತ್ರ ಎಳೆದು ದೂರ ಮಾಡಿ. ಉಳಿದಂತೆ ವ್ಯಕ್ತಿಯನ್ನು ಬಿಟ್ಟು ವಸ್ತುಗಳನ್ನು ಸರಿಸಿ: ಕುರ್ಚಿ, ಗಾಜಿನ ಲೋಟ, ಕಲ್ಲು. ಕನ್ನಡಕ ತೆಗೆಯಿರಿ. ತಲೆ ನೆಲಕ್ಕೆ ಬಡಿಯದಂತೆ ಟವೆಲ್ಲೋ ಮಡಿಸಿದ ಶರ್ಟೋ ಅಡಿಗಿಡಿ, ಏನೂ ಇಲ್ಲದಿದ್ದರೆ ನಿಮ್ಮ ಅಂಗೈ ಕೊಡಿ. ಕುತ್ತಿಗೆಯ ಗುಂಡಿ, ಟೈ, ಬಿಗಿಯಾದ ದುಪಟ್ಟಾ ಸಡಿಲಿಸಿ.

ಕೈಕಾಲು ಹಿಡಿಯಬೇಡಿ. ಜಗ್ಗಾಟವನ್ನು ಬಲದಿಂದ ತಡೆಯಲಾಗದು. ತಡೆಯಲು ಹೋದರೆ ಭುಜದ ಕೀಲು ತಪ್ಪಬಹುದು, ಮೂಳೆ ಮುರಿಯಬಹುದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಮಗ್ಗುಲು ಮಾಡುವುದು. ಜಗ್ಗಾಟ ಜೋರಾಗಿದ್ದಾಗ ಆಗದಿದ್ದರೆ ಸ್ವಲ್ಪ ಇಳಿದ ಕೂಡಲೇ ಮಾಡಿ. ಅವರ ಪಕ್ಕದಲ್ಲಿ ಮಂಡಿಯೂರಿ ಕೂತು, ಆಚೆಯ ಭುಜವನ್ನೂ ಆಚೆಯ ಮಂಡಿಯನ್ನೂ ಹಿಡಿದು ಮೆಲ್ಲನೆ ನಿಮ್ಮ ಕಡೆಗೆ ಹೊರಳಿಸಿ. ಮೇಲಿನ ಕಾಲು ಮಂಡಿಯಲ್ಲಿ ಮಡಿಚಿರಲಿ, ಆಗ ಮತ್ತೆ ಅಂಗಾತ ಬೀಳುವುದಿಲ್ಲ. ಗದ್ದವನ್ನು ಕೊಂಚ ಎತ್ತಿ, ಬಾಯಿ ನೆಲದ ಕಡೆಗಿರುವಂತೆ ನೋಡಿ. ಜೊಲ್ಲು, ರಕ್ತ, ವಾಂತಿ ಎಲ್ಲ ಹೊರಗೆ ಹರಿದುಹೋಗುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಎಡ ಮಗ್ಗುಲೋ ಬಲ ಮಗ್ಗುಲೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಮಾತ್ರೆ, ಸೋಡಾ, ತೀರ್ಥ ಯಾವುದೂ ಬೇಡ. ಪೂರ್ತಿ ಎಚ್ಚರವಾಗಿ ತಮ್ಮ ಹೆಸರು, ಊರು ಸರಿಯಾಗಿ ಹೇಳುವವರೆಗೆ ಒಂದು ಗುಟುಕು ನೀರೂ ಬೇಡ.

ಸೆಳೆತದಲ್ಲಿ ಕೆಲವರಿಗೆ ಅರಿವಿಲ್ಲದೆ ಮೂತ್ರ ಹೋಗುತ್ತದೆ. ಸೊಂಟದ ಮೇಲೆ ಒಂದು ಟವೆಲ್ ಹೊದಿಸಿ. ಫೋನು ಹಿಡಿದು ನಿಂತವರನ್ನು ಗಟ್ಟಿಯಾಗಿಯೇ ಗದರಿಸಿ ಕಳಿಸಿ. ಎಚ್ಚರವಾದ ಮೇಲೆ ತಾವು ಎಲ್ಲಿದ್ದೇವೆಂದು ತಿಳಿಯದೆ ಹತ್ತು ನಿಮಿಷ, ಅರ್ಧ ಗಂಟೆ ಮಂಕಾಗಿರುತ್ತಾರೆ. ಆಗ ಕಣ್ಣೆದುರು ಇಪ್ಪತ್ತು ಮುಖಗಳು ಬಾಗಿ ನೋಡುತ್ತಿದ್ದರೆ ಹೇಗಿರುತ್ತದೆ ಯೋಚಿಸಿ. “ಗಾಬರಿಯಾಗ್ಬೇಡಿ ಅಣ್ಣ, ಫಿಟ್ಸ್ ಬಂದಿತ್ತು, ಈಗ ನಿಂತಿದೆ, ನಾನಿಲ್ಲೇ ಇದ್ದೀನಿ” ಎಂದು ಒಬ್ಬರು ಮೆಲುದನಿಯಲ್ಲಿ ಹೇಳಿದರೆ ಸಾಕು. ಪೂರ್ತಿ ಸರಿಯಾಗುವವರೆಗೆ ಒಬ್ಬಂಟಿಯಾಗಿ ಬಿಟ್ಟು ಹೋಗಬೇಡಿ, ಬಸ್ಸು ತಪ್ಪಿದರೂ ಸರಿ.

ಬೀಳದೆ, ಮಂಕಾಗಿ ಓಡಾಡುವ ಬಗೆಯ ಮೂರ್ಛೆಯವರನ್ನು ತಬ್ಬಿ ಹಿಡಿಯಬೇಡಿ, ಅವರು ತಿಳಿಯದೆ ಎದುರು ಬೀಳಬಹುದು. ರಸ್ತೆಗೆ, ಬಾವಿಕಟ್ಟೆಗೆ, ಒಲೆಯ ಕಡೆಗೆ ಹೋಗದಂತೆ ಮೃದುವಾಗಿ ದಾರಿ ತಿರುಗಿಸಿದರಾಯಿತು. ನೀರಿನಲ್ಲಿದ್ದಾಗ ಸೆಳೆತ ಬಂದರೆ ಮುಖ ನೀರಿನ ಮೇಲಿರುವಂತೆ ಹಿಡಿದು ದಡಕ್ಕೆ ತನ್ನಿ. ಅವರನ್ನು ಆಸ್ಪತ್ರೆಗೆ ತೋರಿಸಲೇಬೇಕು.

ಐದು ನಿಮಿಷ ದಾಟಿದರೆ 108

ಈಗಾಗಲೇ ರೋಗವಿದೆ ಎಂದು ಗೊತ್ತಿರುವವರಿಗೆ ಎಂದಿನಂತೆ ಬಂದು ಎರಡು ಮೂರು ನಿಮಿಷದಲ್ಲಿ ನಿಂತರೆ ಆಂಬುಲೆನ್ಸ್ ಬೇಕಾಗುವುದಿಲ್ಲ. ಗಡಿಯಾರದಲ್ಲಿ ಐದು ನಿಮಿಷ ಕಳೆದೂ ಜಗ್ಗಾಟ ನಿಲ್ಲದಿದ್ದರೆ ಮಾತ್ರ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಅರ್ಧ ಗಂಟೆ ಮುಂದುವರಿದರೆ ಮಿದುಳಿಗೇ ಪೆಟ್ಟು. ಆದ್ದರಿಂದ ಐದು ನಿಮಿಷಕ್ಕೆ 108ಕ್ಕೆ ಕರೆ ಮಾಡಿ. ಒಂದು ಸೆಳೆತ ನಿಂತು, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೂ ಅಷ್ಟೇ. ಬದುಕಿನಲ್ಲಿ ಮೊದಲ ಸಲ ಬಂದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನಿಂತ ಮೇಲೂ ಉಸಿರಾಟ ಸರಿಹೋಗದಿದ್ದರೆ ಕಾಯದೆ ಕರೆಯಿರಿ.

ದೀರ್ಘ ಸೆಳೆತ ಬರುವವರ ಮನೆಯಲ್ಲಿ ಇಟ್ಟುಕೊಳ್ಳಲು ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಡುತ್ತಾರೆ. ಎಷ್ಟು ಸಲ, ಯಾವಾಗ ಎಂಬುದನ್ನು ಅವರಿಂದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡು, ಸ್ಪ್ರೇ ಡಬ್ಬಿಗೆ ಅಂಟಿಸಿಡುವುದು ಒಳ್ಳೆಯದು.

ಮೈಸೂರು ಸೀಮೆಯ ಬಚ್ಚಲುಮನೆಯಲ್ಲಿ

ಮೂರ್ಛೆ ರೋಗದ ಜಾಗತಿಕ ಚರಿತ್ರೆಯಲ್ಲಿ ನಮ್ಮ ನಾಡಿಗೆ ಒಂದು ವಿಶೇಷ ಜಾಗವಿದೆ. ಹಬ್ಬದ ದಿನ ಎಣ್ಣೆ ಹಚ್ಚಿ, ಹಂಡೆಯ ಸುಡುಸುಡು ನೀರನ್ನು ಚೊಂಬು ಚೊಂಬಾಗಿ ನೆತ್ತಿಗೆ ಸುರಿಯುವುದು ನಮ್ಮ ಪದ್ಧತಿ. ಹೀಗೆ ಸುರಿದಾಗಲೇ ಕೆಲವರಿಗೆ ಸೆಳೆತ ಬರುತ್ತದೆ. ಇದನ್ನು ಬಿಸಿನೀರಿನ ಮೂರ್ಛೆ ಎನ್ನುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಒಂದು ಪ್ರಕರಣ ವರದಿಯಾಗಿತ್ತು. ಆದರೆ ಇದು ಅಪರೂಪದ ವಿಚಿತ್ರವಲ್ಲ, ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಜನರಿಗಿರುವ ಕಾಯಿಲೆ ಎಂದು ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು, 1960ರ ದಶಕದ ಕೊನೆಯಲ್ಲಿ. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 279 ರೋಗಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ವಿವರಗಳನ್ನು ಪ್ರಕಟಿಸಿತು.

ಬಿಸಿನೀರಿನ ಶಾಖ ಒಂದೇ ಕಾರಣವಲ್ಲ. ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು ತಲೆಯ ಮೇಲೆ, ಬೇಗಬೇಗ, ಧಾರಾಳವಾಗಿ ಬೀಳಬೇಕು. ಮೈಗೆ ಮಾತ್ರ ಹಾಕಿಕೊಂಡರೆ ಬಹುತೇಕ ಏನೂ ಆಗುವುದಿಲ್ಲ. ಹೆಚ್ಚಾಗಿ ಗಂಡುಮಕ್ಕಳಲ್ಲಿ, ಬಾಲ್ಯದಲ್ಲೇ ಶುರುವಾಗುತ್ತದೆ. ಸ್ನಾನದ ನಡುವೆಯೋ ಕೊನೆಯಲ್ಲೋ ಹುಡುಗ ಸುಮ್ಮನಾಗುತ್ತಾನೆ, ಬೆದರಿದಂತೆ ನೋಡುತ್ತಾನೆ, ಏನೇನೋ ಬಡಬಡಿಸುತ್ತಾನೆ. ಕೆಲವರಿಗೆ ಆ ಕ್ಷಣದಲ್ಲಿ ಒಂದು ಬಗೆಯ ಹಿತವೂ ಆಗಿ, ಬೇಡವೆಂದರೂ ಬಿಡದೆ ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಆಮೇಲೆ ಎಚ್ಚರ ತಪ್ಪುತ್ತದೆ. ಮನೆಯವರು ಬಚ್ಚಲಲ್ಲಿ ಏನೋ ಸೋಕಿದೆ ಎಂದುಕೊಂಡು ತಾಯಿತ ಕಟ್ಟಿಸುತ್ತಾರೆ.

ಪರಿಹಾರ ಎಷ್ಟು ಸುಲಭವೆಂದರೆ ಕೇಳಿದವರು ನಂಬುವುದಿಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು, ಮೊದಲು ಮೈಗೆ ಹಾಕಿಕೊಂಡು ತಲೆಗೆ ನಿಧಾನ ಸುರಿಯುವುದು. ಹಲವರಿಗೆ ಇಷ್ಟೇ ಸಾಕು. ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ. ಒಂದು ಪಾಲು ರೋಗಿಗಳಿಗೆ ಮುಂದೆ ಬಿಸಿನೀರಿಲ್ಲದೆಯೂ ಸೆಳೆತ ಬರತೊಡಗುವುದರಿಂದ ತಜ್ಞರಿಗೆ ತೋರಿಸದೆ ಇರಬಾರದು. ಮತ್ತೊಂದು ಮಾತು, ಮನೆಯಲ್ಲಿ ಯಾರಿಗೇ ಮೂರ್ಛೆ ಇರಲಿ, ಬಚ್ಚಲುಮನೆಯ ಒಳಚಿಲಕ ಹಾಕಿಕೊಳ್ಳದಂತೆ ಹೇಳಿ. ಬಾಗಿಲು ಸುಮ್ಮನೆ ಮುಚ್ಚಿದ್ದರೆ ಸಾಕು.

ಕಾರಣಗಳು, ತಡೆಯಬಹುದಾದವು

ಹೆರಿಗೆಯ ವೇಳೆ ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋದದ್ದು, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಪಾರ್ಶ್ವವಾಯು, ಗೆಡ್ಡೆ, ಕೆಲವೊಮ್ಮೆ ವಂಶವಾಹಿ. ಸುಮಾರು ಅರ್ಧದಷ್ಟು ಜನರಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ಹೆಲ್ಮೆಟ್ ಹಾಕುವುದೂ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದೂ ಮೂರ್ಛೆ ತಡೆಯುವ ದಾರಿಗಳೇ.

ನಮ್ಮ ದೇಶದಲ್ಲಿ ಮರೆಯಲಾಗದ ಇನ್ನೊಂದು ಕಾರಣ ಲಾಡಿಹುಳು. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಮನುಷ್ಯರ ಮಲದ ಮೂಲಕ ಮಣ್ಣಿಗೆ, ನೀರಿಗೆ, ತರಕಾರಿಗೆ ಸೇರುತ್ತವೆ. ಅವು ಹೊಟ್ಟೆಗೆ ಹೋದರೆ ಮರಿಹುಳುಗಳು ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಗಂಟು ಕಟ್ಟುತ್ತವೆ. “ನಾವು ಮಾಂಸ ಮುಟ್ಟೋದಿಲ್ಲ, ನಮಗೆ ಹೇಗೆ ಬಂತು?” ಎನ್ನುವವರಿಗೆ ಉತ್ತರ ತೊಳೆಯದ ಕೊತ್ತಂಬರಿ ಸೊಪ್ಪಿನಲ್ಲಿ, ಶೌಚಾಲಯದಿಂದ ಬಂದು ಸೋಪು ಹಚ್ಚದ ಕೈಯಲ್ಲಿದೆ.

ಎಂಜಲಿನಿಂದ, ಮುಟ್ಟುವುದರಿಂದ, ನೊರೆ ತಾಗುವುದರಿಂದ ಮೂರ್ಛೆ ರೋಗ ಹರಡುವುದಿಲ್ಲ. ಗಾಳಿ ಸೋಕುವುದು, ದೃಷ್ಟಿ ತಾಗುವುದು ಕಾರಣವಲ್ಲ. ಚರಕ ಸಂಹಿತೆಯೇ ಅಪಸ್ಮಾರವನ್ನು ರೋಗವೆಂದು ಗುರುತಿಸಿ ಚಿಕಿತ್ಸೆ ಹೇಳಿದೆ. ದೇವಸ್ಥಾನಕ್ಕೆ ಹೋಗಿ, ಹರಕೆ ಹೊರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಮಾತ್ರೆ ಬಿಟ್ಟು ಹೋಗಬೇಡಿ. ಮಕ್ಕಳಿಗೆ ಬರೆ ಎಳೆಯುವುದನ್ನಂತೂ ಅಪರಾಧವೆಂದೇ ತಿಳಿಯಬೇಕು.

ಯಳಂದೂರು ತೋರಿಸಿದ್ದು

ಸರಿಯಾಗಿ ಪತ್ತೆಹಚ್ಚಿ ಚಿಕಿತ್ಸೆ ಕೊಟ್ಟರೆ ಶೇ 70ರಷ್ಟು ರೋಗಿಗಳು ಸೆಳೆತವಿಲ್ಲದೆ ಬಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ದುಬಾರಿ ಔಷಧಿಯೇ ಬೇಕೆಂದಿಲ್ಲ. ಫಿನೋಬಾರ್ಬಿಟೋನ್ 1912ರಿಂದ, ಫೆನಿಟಾಯಿನ್ 1938ರಿಂದ ಬಳಕೆಯಲ್ಲಿವೆ, ಎರಡೂ ಅಗ್ಗ. ಇವೇ ಎರಡು ಔಷಧಿಗಳನ್ನು ಹಿಡಿದು ಡಾ. ಮಣಿ ಮತ್ತು ಸಂಗಡಿಗರು ಯಳಂದೂರು ಸೀಮೆಯ ಹಳ್ಳಿಗಳಿಗೆ ಹೋದರು. ಮನೆ ಮನೆ ಹುಡುಕಿ ರೋಗಿಗಳನ್ನು ಪತ್ತೆಹಚ್ಚಿ, ವರ್ಷಗಟ್ಟಲೆ ಔಷಧಿ ಕೊಟ್ಟು ಗಮನಿಸಿದರು. ದೊಡ್ಡ ಆಸ್ಪತ್ರೆ, ಯಂತ್ರಗಳಿಲ್ಲದ ಹಳ್ಳಿಯಲ್ಲೂ ಮೂರ್ಛೆ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಈ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಷ್ಟು ವರ್ಷವಾದ ಮೇಲೂ ಔಷಧಿಯಿಲ್ಲದೆ ಇರುವವರು ನಮ್ಮ ಹಳ್ಳಿಗಳಲ್ಲಿದ್ದಾರೆಂದರೆ ಕೊರತೆ ವಿಜ್ಞಾನದ್ದಲ್ಲ.

ಮಾತ್ರೆಯ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಆರು ತಿಂಗಳು ಸೆಳೆತ ಬರದಿದ್ದರೆ “ವಾಸಿಯಾಯ್ತು” ಎಂದು ನಿಲ್ಲಿಸಿಬಿಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಮೊದಲಿಗಿಂತ ಜೋರಾಗಿ, ನಿಲ್ಲದೆ ಬರಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಸೆಳೆತವಿಲ್ಲದೆ ಕಳೆದ ಮೇಲೆ, ವೈದ್ಯರೇ ನೋಡಿ, ನಿಧಾನವಾಗಿ ಪ್ರಮಾಣ ಇಳಿಸುತ್ತಾರೆ. ನಿದ್ದೆಗೆಡುವುದು, ಕುಡಿಯುವುದು, ಒಂದು ಹೊತ್ತಿನ ಮಾತ್ರೆ ತಪ್ಪಿಸುವುದು ಇವೇ ಸೆಳೆತಕ್ಕೆ ದಾರಿ. ಎರಡು ಸರಿಯಾದ ಔಷಧಿಗಳಿಗೂ ಬಗ್ಗದವರಿಗೆ ಶಸ್ತ್ರಚಿಕಿತ್ಸೆ ಆದೀತೇ ಎಂದು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗಳಲ್ಲಿ ಇದು ದಶಕಗಳಿಂದ ನಡೆಯುತ್ತಿದೆ.

ಸೀರೆ ಮಡಿಕೆಯೊಳಗಿನ ಮಾತ್ರೆ

ಈ ಕಾಯಿಲೆ ಅತಿ ಹೆಚ್ಚು ನೋಯಿಸುವುದು ಮದುವೆಯ ಮಾತಿನಲ್ಲಿ. ಹೆಣ್ಣು ನೋಡಲು ಬಂದವರಿಗೆ ಹೇಳುವುದಿಲ್ಲ. “ಮದುವೆಯಾದ್ರೆ ಎಲ್ಲ ಸರಿಹೋಗುತ್ತೆ” ಎನ್ನುತ್ತಾರೆ ಹಿರಿಯರು. ಹುಡುಗಿ ಮಾತ್ರೆಗಳನ್ನು ಸೀರೆ ಮಡಿಕೆಯಲ್ಲಿಟ್ಟುಕೊಂಡು ಗಂಡನ ಮನೆಗೆ ಹೋಗುತ್ತಾಳೆ. ನೆಂಟರು ತುಂಬಿದ ಮನೆ, ರಾತ್ರಿಯೆಲ್ಲ ನಿದ್ದೆಯಿಲ್ಲ, ಕದ್ದು ಮಾತ್ರೆ ನುಂಗಲು ಎಡೆಯಿಲ್ಲ. ಎರಡು ಹೊತ್ತಿನ ಮಾತ್ರೆ ತಪ್ಪುತ್ತದೆ. ಮೂರನೆಯ ದಿನ ಅಡುಗೆಮನೆಯಲ್ಲಿ, ಉರಿಯುವ ಒಲೆಯ ಮುಂದೆ, ಸೆಳೆತ ಬರುತ್ತದೆ. ಮುಚ್ಚಿಟ್ಟದ್ದೇ ಕಾಯಿಲೆಯನ್ನು ಹೊರಗೆ ತಂದಿತು. ಅಲ್ಲಿಂದ ಮುಂದೆ ಮೋಸ ಮಾಡಿದಿರೆಂಬ ಮಾತು, ತವರಿನ ಹಾದಿ.

ಗಂಡುಮಗನ ಮನೆಯವರೂ ಮುಚ್ಚಿಡುತ್ತಾರೆ, ಆದರೆ ಬಯಲಾದಾಗ ಹೆಣ್ಣಿಗೆ ಆಗುವಷ್ಟು ಶಿಕ್ಷೆ ಗಂಡಿಗೆ ಆಗುವುದಿಲ್ಲ. ಈ ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ.

ಒಂದು ಕಾಲದಲ್ಲಿ ಕಾನೂನೂ ಇದಕ್ಕೆ ಒತ್ತಾಸೆಯಾಗಿತ್ತು. ಹಿಂದೂ ವಿವಾಹ ಕಾಯ್ದೆ ಅಪಸ್ಮಾರವನ್ನು ಹುಚ್ಚಿನ ಜೊತೆ ಒಂದೇ ಸಾಲಿನಲ್ಲಿಟ್ಟು ಮದುವೆಗೆ ಅಡ್ಡಿಯೆಂದು ಹೇಳುತ್ತಿತ್ತು. ಭಾರತೀಯ ಮೂರ್ಛೆರೋಗ ಸಂಘ ಮತ್ತು ನರರೋಗ ತಜ್ಞರು ಬಹುಕಾಲ ಒತ್ತಾಯಿಸಿದ ಮೇಲೆ 1999ರ ತಿದ್ದುಪಡಿ ಆ ಪದವನ್ನು ಕಿತ್ತುಹಾಕಿತು. ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆಯಿತು. ಕಾಯ್ದೆ ಬದಲಾಗಿ ಕಾಲು ಶತಮಾನವಾಗಿದೆ, ಮದುವೆ ಮಾತುಕತೆ ಇನ್ನೂ ಬದಲಾಗಬೇಕು.

ತಂದೆಗೋ ತಾಯಿಗೋ ಮೂರ್ಛೆ ಇದ್ದರೂ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ. ಮೂರ್ಛೆ ಇರುವ ಹೆಣ್ಣುಮಕ್ಕಳು ಗರ್ಭ ಧರಿಸಬಹುದು, ಹಾಲೂಡಿಸಬಹುದು. ಒಂದೇ ಎಚ್ಚರಿಕೆ: ವಾಲ್ಪ್ರೊಯೇಟ್‌ನಂಥ ಔಷಧಿ ಹೊಟ್ಟೆಯಲ್ಲಿನ ಮಗುವಿಗೆ ತೊಂದರೆ ಮಾಡಬಹುದು. ಹಾಗೆಂದು ಗರ್ಭಿಣಿ ತಾನಾಗಿ ಮಾತ್ರೆ ಬಿಟ್ಟರೆ ಸೆಳೆತದಿಂದ ತಾಯಿ, ಮಗು ಇಬ್ಬರಿಗೂ ಅಪಾಯ. ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರನ್ನು ಕಂಡರೆ ಅವರು ಔಷಧಿ ಬದಲಿಸಿ, ಫೋಲಿಕ್ ಆಸಿಡ್ ಶುರು ಮಾಡುತ್ತಾರೆ.

ಶಾಲೆ, ಕೆಲಸ, ವಾಹನ

ಮೂರ್ಛೆ ಇರುವ ಮಗು ಶಾಲೆಗೆ ಹೋಗಬೇಕು, ಆಡಬೇಕು. ಫೀಲ್ಡಿಂಗ್‌ಗೆ ಹೊಸ ಅರ್ಥ ಕೊಟ್ಟ ದಕ್ಷಿಣ ಆಫ್ರಿಕಾದ ಜಾಂಟಿ ರೋಡ್ಸ್ ತಮಗೆ ಈ ಕಾಯಿಲೆ ಇರುವುದನ್ನು ಎಂದೂ ಮುಚ್ಚಿಡಲಿಲ್ಲ. ಮಗುವಿನ ತಾಯ್ತಂದೆ ಮೇಷ್ಟ್ರಿಗೆ ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಭಯ ಕಡಿಮೆ.

ಕೆಲವು ಕೆಲಸ ಮಾತ್ರ ಬೇಡ. ಅಡಿಕೆ, ತೆಂಗಿನ ಮರ ಹತ್ತುವುದು, ಒಬ್ಬರೇ ಕೆರೆಗೆ ಇಳಿಯುವುದು, ಕಾವಲಿಲ್ಲದ ಯಂತ್ರದ ಮುಂದೆ ನಿಲ್ಲುವುದು. ವಾಹನ ಚಾಲನೆಯ ಪರವಾನಗಿ ಅರ್ಜಿಯ ಜೊತೆಗಿನ ಸ್ವಯಂ ಘೋಷಣೆಯಲ್ಲಿ ಮೂರ್ಛೆ ಇದೆಯೇ ಎಂಬ ನೇರ ಪ್ರಶ್ನೆಯಿದೆ. ಅಲ್ಲಿ ಸುಳ್ಳು ಬರೆಯುವುದು ರಸ್ತೆಯಲ್ಲಿರುವ ಎಲ್ಲರ ಜೀವದ ಜೊತೆ ಆಟ. ಇಷ್ಟು ಬಿಟ್ಟರೆ ಮೇಷ್ಟ್ರು, ದರ್ಜಿ, ಲೆಕ್ಕಿಗ, ವಕೀಲ ಏನು ಬೇಕಾದರೂ ಆಗಬಹುದು. ಒಮ್ಮೆ ಬಿದ್ದರೆಂದು ಕೆಲಸದಿಂದ ತೆಗೆಯುವ ಮಾಲೀಕರು ಇದನ್ನು ಓದಲಿ.

ಇನ್ನು ಮಾಡಬೇಕಾದ್ದು

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ ಆರಂಭಿಸಿವೆ. ತಲೆನೋವು, ಪಾರ್ಶ್ವವಾಯು, ಮರೆವಿನ ಕಾಯಿಲೆಯ ಜೊತೆಗೆ ಮೂರ್ಛೆಯನ್ನೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಗುರುತಿಸಿ ಚಿಕಿತ್ಸೆ ಕೊಡಬೇಕೆಂಬುದು ಅದರ ಉದ್ದೇಶ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ಬರುತ್ತಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಆರೋಗ್ಯದ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ, ಕರೆದುಕೊಂಡು ಹೋಗಿ. ಸೆಳೆತ ಬಂದಾಗ ಮನೆಯವರೊಬ್ಬರು ಫೋನಿನಲ್ಲಿ ಚಿತ್ರಿಸಿಕೊಂಡಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಅದು ಅವರಿಗೆ ಹೆಚ್ಚು ಉಪಯೋಗ.

ನವೆಂಬರ್ 17 ರಾಷ್ಟ್ರೀಯ ಮೂರ್ಛೆರೋಗ ದಿನ. ಶಾಲೆಯ ಮುಖ್ಯೋಪಾಧ್ಯಾಯರಲ್ಲಿ, ಸಾರಿಗೆ ಡಿಪೊ ವ್ಯವಸ್ಥಾಪಕರಲ್ಲಿ, ಹಾಸ್ಟೆಲ್ ವಾರ್ಡನ್‌ಗಳಲ್ಲಿ ಒಂದು ವಿನಂತಿ. ಆ ದಿನ ಭಾಷಣ ಇಡಬೇಡಿ. ಒಬ್ಬರನ್ನು ಜಮಖಾನೆಯ ಮೇಲೆ ಅಂಗಾತ ಮಲಗಿಸಿ, ಮಗ್ಗುಲು ಮಾಡುವುದನ್ನು ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮನಿಂದ ತೋರಿಸಿ, ಪ್ರತಿ ಮಗುವಿನಿಂದಲೂ, ಪ್ರತಿ ಕಂಡಕ್ಟರ್‌ನಿಂದಲೂ ಒಂದೊಂದು ಸಲ ಮಾಡಿಸಿ. ಒಬ್ಬೊಬ್ಬರಿಗೆ ಒಂದು ನಿಮಿಷ ಹಿಡಿಯುತ್ತದೆ.